ಫೆಸೆಂಟ್ ಶಿಕಾರಿಗೆ ಯಾವ ಚೋಕ್, ಯಾವ ಚರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಕಾರವಾರ ಕಡೆಯ ಹುಡುಗರು ಈಗ ಅಮೆರಿಕದ ಮಿನ್ನೆಸೋಟಾ, ಅಯೋವಾ, ಡಕೋಟಾ ಕಡೆಯಲ್ಲೂ ಕೆಲಸಕ್ಕಿದ್ದಾರೆ. ಅಕ್ಟೋಬರ್ ಬಂತೆಂದರೆ ಅಲ್ಲಿಯ ಆಫೀಸಿನವರು ಫೆಸೆಂಟ್ ಅನ್ನುವ ಹಕ್ಕಿಯ ಶಿಕಾರಿಗೆ ಕರೆಯುತ್ತಾರೆ. ಇವರಲ್ಲಿ ಎಷ್ಟೋ ಜನಕ್ಕೆ ಕೋವಿ ಹೊಸದಲ್ಲ. ಮನೆಯಲ್ಲಿ ಅಜ್ಜನ ಕಾಲದಿಂದ ತೋಟ ಕಾಯಲಿಕ್ಕೆ ಒಂದು ಇರುತ್ತದೆ. ಆದರೆ ಚೋಕ್ (ನಳಿಗೆಯ ಬಾಯಿಯನ್ನು ಒಳಗಿನಿಂದ ಕಿರಿದು ಮಾಡುವುದು), ಚರೆ ನಂಬರು (ತೋಟಾದೊಳಗಿನ ಸಣ್ಣ ಗುಂಡಿನ ಅಳತೆ) ಅಂದ ಕೂಡಲೇ ಗೊಂದಲ ಶುರು. ನಾನು ಸೌತ್ ಡಕೋಟಾದ ಹೊಲಗಳಲ್ಲಿ ಕೋವಿ ಹಿಡಿದು ಓಡಾಡಿದವನು ಅಂತ ಗೊತ್ತಿರುವವರು ಫೋನಿನಲ್ಲಿ, ಕಾಗದದಲ್ಲಿ, ಮದುವೆಮನೆ ಪಂಕ್ತಿಯಲ್ಲಿ ಕೂತು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಆದಷ್ಟು ಅವರವರ ಮಾತಿನಲ್ಲೇ ಇವೆ.

## ಶುರುವಿಗೆ ತಿಳಿಯಬೇಕಾದ್ದು

ಫೆಸೆಂಟ್ ಅಂದ್ರೆ ನಮ್ಮ ಕಾಡುಕೋಳಿ ಜಾತಿಯದ್ದೇ ಅಲ್ವಾ?

ಒಂದೇ ಕುಟುಂಬ, ಹೌದು. ನವಿಲು, ಕಾಡುಕೋಳಿ, ಫೆಸೆಂಟ್ ಎಲ್ಲ ದಾಯಾದಿಗಳೇ. ಆದರೆ ಅಮೆರಿಕದಲ್ಲಿ ಹೊಡೆಯುವುದು ಕೊರಳಿಗೆ ಬಿಳಿ ಪಟ್ಟಿ ಇರುವ ರಿಂಗ್‌ನೆಕ್ ಫೆಸೆಂಟ್. ಇದು ಅಲ್ಲಿಯ ಮೂಲದ ಹಕ್ಕಿಯೂ ಅಲ್ಲ. 1880ರ ದಶಕದ ಶುರುವಿನಲ್ಲಿ ಶಾಂಘೈಯಲ್ಲಿದ್ದ ಅಮೆರಿಕದ ಕಾನ್ಸಲ್ ಓವನ್ ಡೆನ್ನಿ ಚೀನಾದಿಂದ ಒರೆಗಾನ್‌ಗೆ ಕಳಿಸಿದ ಹಕ್ಕಿಗಳು ಅಲ್ಲಿ ನೆಲೆ ನಿಂತವು. ಆಮೇಲೆ ಬಯಲುಸೀಮೆ ರಾಜ್ಯಗಳಿಗೂ ಹೋದವು. 1943ರಲ್ಲಿ ಸೌತ್ ಡಕೋಟಾ ಇದನ್ನೇ ತನ್ನ ರಾಜ್ಯಪಕ್ಷಿ ಮಾಡಿಕೊಂಡಿತು. ಹೊರಗಿನಿಂದ ಬಂದ ಹಕ್ಕಿಗೆ ಅಷ್ಟು ಮರ್ಯಾದೆ.

ಚೋಕ್ ಮತ್ತು ಚರೆ ಆರಿಸಲು ಬೇಕಾದ ಸಂಗತಿ ಇಷ್ಟು. ಗಂಡು ಒಂದೂಕಾಲು ಕಿಲೋ ಆಸುಪಾಸು ತೂಗುತ್ತದೆ. ಮೈಮೇಲೆ ಗರಿ ದಪ್ಪ. ಹಾರುವುದಕ್ಕಿಂತ ಓಡುವುದು ಇದಕ್ಕೆ ಇಷ್ಟ. ಎದ್ದಾಗ ದಡಬಡ ಸದ್ದು ಮಾಡಿ ನೆಟ್ಟಗೆ ಮೇಲೇರುತ್ತದೆ, ಆಮೇಲೆ ಬೆನ್ನು ತೋರಿಸಿ ದೂರ ಹೋಗುತ್ತದೆ. ಬೆನ್ನು ತೋರಿಸಿ ಹೋಗುವ ಹಕ್ಕಿಯ ಮರ್ಮಕ್ಕೆ ಚರೆ ತಲುಪಬೇಕಾದರೆ ಗರಿ, ಮಾಂಸ, ಎಲುಬು ಎಲ್ಲ ದಾಟಬೇಕು. ಮುಂದೆ ಹೇಳುವ ಹೆಚ್ಚಿನ ಲೆಕ್ಕ ಈ ಒಂದು ಮಾತಿನ ಮೇಲೆ ನಿಂತಿದೆ.

ಹಂಗಾದ್ರೆ ಇದೇ ಲೆಕ್ಕ ನಮ್ಮ ತೋಟಕ್ಕೆ ಬರೋ ಕಾಡುಕೋಳಿ, ನವಿಲಿಗೂ ಆಗ್ತದಲ್ಲ?

ಇಲ್ಲ. ಇದರಲ್ಲಿ ಎರಡನೇ ಮಾತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮೊದಲು ಲೈಸೆನ್ಸ್ ತೆಗೆದು ಶಿಕಾರಿ ಮಾಡಲು ಅವಕಾಶವಿತ್ತು, 1991ರ ತಿದ್ದುಪಡಿಯಲ್ಲಿ ಅದೂ ಹೋಯಿತು. ನಿಮ್ಮ ಕೈಯಲ್ಲಿರುವ ಬೆಳೆ ರಕ್ಷಣೆಯ ಪರವಾನಗಿ ಕೋವಿ ಇಟ್ಟುಕೊಳ್ಳಲು ಕೊಟ್ಟದ್ದು, ಶಿಕಾರಿಗೆ ಅಲ್ಲ. ಬನವಾಸಿ, ಮುಂಡಗೋಡ ಕಡೆ ಗದ್ದೆಗೆ ನವಿಲು ಇಳಿದು ಹಾಳು ಮಾಡುತ್ತವೆ ಅನ್ನುವ ಸಂಕಟ ನನಗೂ ಗೊತ್ತು. ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಗೆ ಒಯ್ದು ಕೊಡುವ ಕಿರಿಕಿರಿಯೂ ಗೊತ್ತು. ಆದರೂ ಈ ಬರಹ ಫೆಸೆಂಟ್ ಶಿಕಾರಿಗೆ ಕಾನೂನು ಇರುವ ದೇಶಗಳಿಗೆ ಮಾತ್ರ. ಹಿಮಾಲಯದ ಮೊನಾಲ್, ಕಲೀಜ್ ಕೂಡ ಫೆಸೆಂಟ್‌ಗಳೇ, ಅವುಗಳಿಗೂ ಇದೇ ಕಾಯ್ದೆಯ ರಕ್ಷಣೆ.

ನಾನು ಹೆಚ್1ಬಿ ವೀಸಾದಲ್ಲಿದ್ದೇನೆ, ಅಮೆರಿಕದಲ್ಲಿ ಕೋವಿ ಮುಟ್ಟಬಹುದಾ?

ಸುಮ್ನೆ ಮುಟ್ಟುವ ಹಾಗಿಲ್ಲ. ಗ್ರೀನ್ ಕಾರ್ಡ್ ಇಲ್ಲದೆ, ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿಯ ಕೇಂದ್ರ ಕಾನೂನು ತಡೆಯುತ್ತದೆ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್ ಇರುವುದು ಅವುಗಳಲ್ಲೊಂದು. ಅಂದರೆ ಮೊದಲು ಲೈಸೆನ್ಸ್, ಆಮೇಲೆ ಕೋವಿ. ಗೆಳೆಯನ ಕೋವಿ ಅಲ್ವಾ, ಒಂದೆರಡು ಈಡು ಹೊಡೆದು ಕೊಟ್ಟರಾಯಿತು ಅನ್ನುವ ಧೈರ್ಯ ಬೇಡ. ಹಲವು ರಾಜ್ಯಗಳಲ್ಲಿ ಲೈಸೆನ್ಸಿಗೆ ಮುಂಚೆ ಸುರಕ್ಷತೆಯ ಕೋರ್ಸ್ ಕೂಡ ಮಾಡಬೇಕು. ನಿಮ್ಮ ವೀಸಾದ ಗತಿ ಏನು ಅಂತ ವಕೀಲರನ್ನೊಮ್ಮೆ ಕೇಳಿಕೊಳ್ಳಿ.

12 ಬೋರ್ ಅಂತಾರಲ್ಲ, ಅದು 12 ಎಂತದು? ಮಿಲಿಮೀಟರಾ?

ಅಲ್ಲ. ಒಂದು ಪೌಂಡ್ ಸೀಸವನ್ನು 12 ಸಮ ಗುಂಡುಗಳಾಗಿ ಮಾಡಿದರೆ ಒಂದೊಂದು ಗುಂಡು ಎಷ್ಟು ಅಗಲ ಬರುತ್ತದೋ ಅಷ್ಟು ಅಗಲದ ನಳಿಗೆ. ಅದು ಸುಮಾರು 18.5 ಮಿ.ಮೀ. 20 ಗುಂಡು ಮಾಡಿದರೆ ಗುಂಡು ಸಣ್ಣದಾಗುತ್ತದೆ, ಹಾಗಾಗಿ 20 ಬೋರ್ ನಳಿಗೆ ಸುಮಾರು 15.6 ಮಿ.ಮೀ. ಅಮೆರಿಕದವರು ಬೋರ್ ಅನ್ನುವ ಬದಲು ಗೇಜ್ ಅನ್ನುತ್ತಾರೆ, ಎರಡೂ ಒಂದೇ.

ಚೋಕ್ ಅಂದ್ರೆ ಎಂತ? ಎಲ್ಲಿರ್ತದೆ? ನಮ್ಮನೆ ಕೋವಿಯಲ್ಲಿ ಕಾಣೂದೇ ಇಲ್ಲಪ್ಪ.

ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ನಳಿಗೆಯ ಬಾಯಿಯ ಹತ್ತಿರ, ಕೊನೆಯ ಒಂದೆರಡು ಇಂಚಿನಲ್ಲಿ, ಒಳಗಿನ ಅಗಲವನ್ನು ಕೂದಲೆಳೆಯಷ್ಟು ಕಿರಿದು ಮಾಡಿರುತ್ತಾರೆ. 12 ಬೋರಿನಲ್ಲಿ ಇಂಪ್ರೂವ್ಡ್ ಸಿಲಿಂಡರ್ ಅಂದರೆ ಸುಮಾರು ಕಾಲು ಮಿ.ಮೀ. ಕಿರಿದು, ಮಾಡಿಫೈಡ್ ಅಂದರೆ ಅರ್ಧ ಮಿ.ಮೀ., ಫುಲ್ ಅಂದರೆ ಒಂದು ಮಿ.ಮೀ.ಗೆ ಹತ್ತಿರ. ಏನೂ ಕಿರಿದು ಮಾಡದಿದ್ದರೆ ಅದು ಸಿಲಿಂಡರ್. ಇಂಗ್ಲೆಂಡಿನವರ ಲೆಕ್ಕದಲ್ಲಿ ಅಮೆರಿಕದ ಇಂಪ್ರೂವ್ಡ್ ಸಿಲಿಂಡರ್‌ಗೆ ಕ್ವಾರ್ಟರ್ ಚೋಕ್ ಅಂತಲೂ ಮಾಡಿಫೈಡ್‌ಗೆ ಹಾಫ್ ಚೋಕ್ ಅಂತಲೂ ಹೆಸರು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತದೆ. ಹೊಸ ಕೋವಿಗಳಲ್ಲಿ ಸಾಮಾನ್ಯವಾಗಿ ಚೋಕ್ ಬೇರೆ ಟ್ಯೂಬಿನಲ್ಲಿರುತ್ತದೆ, ಅದನ್ನು ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸಬಹುದು, ಬೇಕಾದಾಗ ಬದಲಿಸಬಹುದು.

ಅಘನಾಶಿನಿಯಲ್ಲಿ ಬೀಸುಬಲೆ ಬೀಸುವವರನ್ನು ನೋಡಿದ್ದೀರಲ್ಲ, ಬಲೆ ನೀರಿಗೆ ಬೀಳುವ ಹೊತ್ತಿಗೆ ಸರಿಯಾಗಿ ಅರಳಿರಬೇಕು. ಬೇಗ ಅರಳಿದರೆ ಹರಡಿ ತೆಳುವಾಗುತ್ತದೆ, ಅರಳದೇ ಬಿದ್ದರೆ ಒಂದು ಮೀನೂ ಇಲ್ಲ. ಚರೆಯ ಗೊಂಚಲು ಎಷ್ಟು ದೂರಕ್ಕೆ ಹೋಗಿ ಅರಳಬೇಕು ಅಂತ ತೀರ್ಮಾನಿಸುವುದೇ ಚೋಕಿನ ಕೆಲಸ. ಇಂಗ್ಲೆಂಡಿನ ನ್ಯೂಕಾಸಲ್‌ನ ವಿಲಿಯಂ ಪೇಪ್ 1866ರಲ್ಲೇ ಇದಕ್ಕೆ ಪೇಟೆಂಟ್ ತೆಗೆದಿದ್ದ.

ಅಜ್ಜನ ಜೋಡಿನಳಿಗೆಗೆ ಎಷ್ಟು ಚೋಕ್ ಇದೆ ಅಂತ ಹೆಂಗೆ ತಿಳಿಯೂದು? ಬಾಯಿಗೆ ನಾಣ್ಯ ಹಿಡಿದು ನೋಡ್ಬೇಕಂತೆ ಹೌದಾ?

ನಾಣ್ಯದ ಕತೆ ಬಿಡಿ. ನಳಿಗೆಯ ಒಳಗಿನ ಅಗಲವೇ ಕೋವಿಯಿಂದ ಕೋವಿಗೆ ಬೇರೆ ಇರುತ್ತದೆ. ಬಾಯಿಯ ಅಗಲ ಮಾತ್ರ ನೋಡಿದರೆ ಚೋಕ್ ಗೊತ್ತಾಗುವುದಿಲ್ಲ, ಎರಡನ್ನೂ ಅಳೆದು ಕಳೆಯಬೇಕು. ಅದಕ್ಕೆ ಬೋರ್ ಗೇಜ್ ಅನ್ನುವ ಸಾಧನ ಇದೆ, ಒಳ್ಳೆಯ ಕೋವಿ ರಿಪೇರಿಯವರ ಹತ್ತಿರ ಇರುತ್ತದೆ. ಮೊದಲು ನಳಿಗೆಯನ್ನು ಬುಡದಿಂದ ಬಿಚ್ಚಿ ಅಡಿಭಾಗದ ಗುರುತು ಓದಿ. ಹಳೇ ಇಂಗ್ಲಿಷ್ ಕೋವಿಯಾದರೆ ‘ಚೋಕ್’ ಅಂತಲೋ ‘ನಾಟ್ ಫಾರ್ ಬಾಲ್’ ಅಂತಲೋ ಇಂಗ್ಲಿಷಿನಲ್ಲಿ ಕೊರೆದಿರಬಹುದು. ಎರಡನೆಯದು 1875ರಿಂದ 1887ರವರೆಗೆ ಚೋಕ್ ಇದ್ದ ನಳಿಗೆಗೆ ಹಾಕುತ್ತಿದ್ದ ಎಚ್ಚರಿಕೆ. ಈ ನಳಿಗೆಯಲ್ಲಿ ಒಂಟಿ ಗುಂಡು ಹೊಡೆಯಬೇಡಿ, ಬಾಯಿ ಬಿರಿದೀತು ಅಂತ ಅರ್ಥ.

ಸಾಮಾನ್ಯವಾಗಿ ಜೋಡಿನಳಿಗೆಯಲ್ಲಿ ಬಲಗಡೆಯದ್ದು ಸಡಿಲ, ಎಡಗಡೆಯದ್ದು ಬಿಗಿ. ಏನೇ ನೋಡುವುದಿದ್ದರೂ ಮೊದಲು ಕೋವಿಯನ್ನು ಬುಡದಲ್ಲಿ ಬಾಗಿಸಿ ತೆರೆದು, ಎರಡೂ ಕೋಣೆ (ತೋಟಾ ಕೂರುವ ಜಾಗ) ಖಾಲಿ ಅಂತ ಕಣ್ಣಾರೆ ನೋಡಿಕೊಳ್ಳಿ.

## ಚರೆಯ ಲೆಕ್ಕ

ನಂಬರ್ ಜಾಸ್ತಿ ಆದ ಹಾಗೆ ಚರೆ ಸಣ್ಣದಾಗ್ತದಂತಲ್ಲ, ಇದೆಂತ ಉಲ್ಟಾ ಲೆಕ್ಕ?

ಉಲ್ಟಾನೇ. ಅಮೆರಿಕದ ನಂಬರಿಗೆ ಒಂದು ಸುಲಭ ದಾರಿ ಇದೆ. 17ರಿಂದ ಚರೆಯ ನಂಬರ್ ಕಳೆಯಿರಿ, ಉಳಿದದ್ದು ಇಂಚಿನ ನೂರನೇ ಭಾಗದಲ್ಲಿ ಚರೆಯ ಅಗಲ. 5 ನಂಬರ್ ಅಂದರೆ 0.12 ಇಂಚು, ಸುಮಾರು 3 ಮಿ.ಮೀ. 6 ಅಂದರೆ 0.11 ಇಂಚು. 4 ಅಂದರೆ 0.13 ಇಂಚು.

ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಸೀಸದಲ್ಲಿ 4 ನಂಬರ್ ಸುಮಾರು 135 ಚರೆ, 5 ನಂಬರ್ 170, 6 ನಂಬರ್ 225, 7½ ಆದರೆ 350 ಸಿಗುತ್ತದೆ. ದೊಡ್ಡ ಚರೆ ಬೇಕಂದರೆ ಲೆಕ್ಕ ಕಮ್ಮಿ, ಲೆಕ್ಕ ಜಾಸ್ತಿ ಬೇಕಂದರೆ ಚರೆ ಸಣ್ಣದು. ಎರಡೂ ಬೇಕು ಅಂದರೆ ತೋಟಾ ಭಾರವಾಗಬೇಕು, ಆಗ ಹೆಗಲಿಗೆ ಪೆಟ್ಟು.

ಊರಲ್ಲಿ ಸಿಗೋ 6 ನಂಬರ್ ತೋಟಾನೂ ಅಮೆರಿಕದ 6 ನಂಬರೂ ಒಂದೇನಾ?

ಒಂದೇ ಅಲ್ಲ. ನಮ್ಮಲ್ಲಿ ಎಲ್‌ಜಿ, ಎಸ್‌ಜಿ, ಬಿಬಿ ಅಂತ ಬಳಕೆಯಲ್ಲಿರುವುದು ಇಂಗ್ಲಿಷರ ಪದ್ಧತಿ. ಇಂಗ್ಲಿಷ್ 6 ನಂಬರ್ ಚರೆ 2.6 ಮಿ.ಮೀ., ಔನ್ಸಿಗೆ 270. ಅಮೆರಿಕದ 6 ಸುಮಾರು 2.8 ಮಿ.ಮೀ., ಔನ್ಸಿಗೆ 225. ಅಂದರೆ ಅಮೆರಿಕದ 6 ಇಂಗ್ಲೆಂಡಿನ 5ಕ್ಕೆ ಸಮ. ಇಂಗ್ಲೆಂಡಿನ ಪತ್ರಿಕೆ ಓದಿ ಅಮೆರಿಕದ ಅಂಗಡಿಗೆ ಹೋಗುವವರು ಒಂದು ನಂಬರ್ ಆಚೀಚೆ ಮಾಡಿಕೊಳ್ಳಬೇಕು. ಇನ್ನು ಮುಂದೆ ನಾನು ಬರೀ ನಂಬರ್ ಹೇಳಿದರೆ ಅದು ಅಮೆರಿಕದ್ದು.

ಭಾವ, ಅಷ್ಟೆಲ್ಲ ಬೇಡ, ಒಂದೇ ಒಂದು ನಂಬರ್ ಹೇಳು.

ಸೀಸವಾದರೆ 5.

12 ಬೋರ್, 2¾ ಇಂಚಿನ ತೋಟಾ, 1¼ ಔನ್ಸ್ ಚರೆ. ಅದರಲ್ಲಿ ಇನ್ನೂರರ ಮೇಲೆ ಚರೆ ಇರುತ್ತದೆ. ಬೆನ್ನು ತೋರಿಸಿ ಹೋಗುವ ಗಂಡಿನ ಒಳಗೆ ಹೋಗುವ ತೂಕವೂ ಇರುತ್ತದೆ. ಸೀಸನ್ ಶುರುವಿನಲ್ಲಿ, ನಾಯಿ ಇದ್ದು, ಹಕ್ಕಿ ಕಾಲಬುಡದಿಂದ ಏಳುತ್ತಿದ್ದರೆ 6 ಚೆನ್ನಾಗಿ ನಡೆಯುತ್ತದೆ. ಚಳಿಗಾಲದ ಕೊನೆಗೆ 4 ಹಿಡಿಯುವವರಿದ್ದಾರೆ, ಅದೂ ಸರಿಯೇ. 4ರಿಂದ 6ರೊಳಗೆ ಯಾವುದು ಒಳ್ಳೆಯದು ಅಂತ ರಾತ್ರಿಯಿಡೀ ಜಗಳವಾಡುವವರನ್ನು ನೋಡಿದ್ದೇನೆ. ಅಷ್ಟು ವ್ಯತ್ಯಾಸವೇನೂ ಇಲ್ಲ. ಆದರೆ ತೋಟಾ ಕೊಳ್ಳುವಾಗ ಅಗ್ಗದ್ದಕ್ಕೆ ಹೋಗಬೇಡಿ. ಅಗ್ಗದ ತೋಟಾದ ಸೀಸ ಮೆತ್ತಗಿರುತ್ತದೆ, ನಳಿಗೆಯೊಳಗೆ ಜಜ್ಜಿ ಆಕಾರ ಕೆಟ್ಟು ಹೊರಬಿದ್ದ ಮೇಲೆ ಅಡ್ಡಾದಿಡ್ಡಿ ಹೋಗುತ್ತದೆ. ತಾಮ್ರದ ಲೇಪ ಇರುವ ಗಟ್ಟಿ ಚರೆ ನೆಟ್ಟಗೆ ಹೋಗುತ್ತದೆ, ಗರಿಯನ್ನೂ ಒಳಕ್ಕೆ ಕಡಿಮೆ ಎಳೆದುಕೊಂಡು ಹೋಗುತ್ತದೆ.

ಕ್ಲೇ ಹೊಡೆಯೋ 7½ ಬಾಕ್ಸ್ ಮನೆಯಲ್ಲಿ ಬೇಕಾದಷ್ಟಿದೆ. ಅದನ್ನೇ ತಗೊಂಡು ಹೋದ್ರೆ ಆಗೂದಿಲ್ವಾ?

ಕ್ಲೇ ಅಂದರೆ ಗುರಿಯ ಅಭ್ಯಾಸಕ್ಕೆ ಗಾಳಿಯಲ್ಲಿ ಹಾರಿಸುವ, ಸುಲಭಕ್ಕೆ ಒಡೆಯುವ ಬಿಲ್ಲೆ. ಅದಕ್ಕೆ ಎಲುಬಿಲ್ಲ, ಗರಿಯಿಲ್ಲ, ಒಂದೆರಡು ಚರೆ ತಾಗಿದರೆ ಸಾಕು. ಫೆಸೆಂಟ್‌ಗೆ 7½ ಹೊಡೆದರೆ ಗರಿ ಉದುರುತ್ತದೆ, ಹಕ್ಕಿ ಹಾರಿ ಹೋಗುತ್ತದೆ. ಎಲ್ಲೋ ಜೋಳದ ಹೊಲದಾಚೆ ಬಿದ್ದು ಎರಡು ದಿನ ನರಳಿ ಸಾಯುತ್ತದೆ. ಸಾಕಿ ಬಿಟ್ಟ ಹಕ್ಕಿಗಳ ಖಾಸಗಿ ಮೈದಾನದಲ್ಲಿ, 20 ಗಜದೊಳಗೆ, ಅದರಿಂದ ಬೀಳಿಸುವವರು ಇದ್ದಾರೆ ನಿಜ. ಕಾಡಿನ ಹಕ್ಕಿಗೆ ಬೇಡ.

## ಚೋಕ್ ಆರಿಸುವುದು

ಒಂದೇ ಚೋಕ್ ಹಾಕ್ಕೊಂಡು ಇಡೀ ದಿನ ತಿರುಗೋದಾದ್ರೆ ಯಾವುದು?

ಇಂಪ್ರೂವ್ಡ್ ಸಿಲಿಂಡರ್. ನನ್ನ ಮಾತಿಗೆ ಮಾಡಿಫೈಡ್ ಪಕ್ಷದವರು ಒಪ್ಪುವುದಿಲ್ಲ. ಯಾಕೆ ಹೇಳುತ್ತೇನೆ ಅಂತ ವಿವರಿಸುತ್ತೇನೆ, ಆಮೇಲೆ ನೀವೇ ನೋಡಿಕೊಳ್ಳಿ.

ಚೋಕ್ ಅಳೆಯುವ ಹಳೇ ಪದ್ಧತಿ ಹೀಗೆ. 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಶೇಕಡಾ ಎಷ್ಟು ಚರೆ ಬೀಳುತ್ತದೆ ಅಂತ ನೋಡುವುದು. ಸಿಲಿಂಡರ್ ಸುಮಾರು 40, ಇಂಪ್ರೂವ್ಡ್ ಸಿಲಿಂಡರ್ 50, ಮಾಡಿಫೈಡ್ 60, ಫುಲ್ 70. ಇದನ್ನು ಓದಿದ ಕೂಡಲೇ ಎಲ್ಲರಿಗೂ ಫುಲ್ ಒಳ್ಳೆಯದು ಅನ್ನಿಸುತ್ತದೆ. ಆದರೆ ನೀವು 40 ಗಜದಲ್ಲಿ ಹೊಡೆಯುತ್ತೀರಾ? ಬೂಟಿನ ಹತ್ತಿರ ಎದ್ದ ಹಕ್ಕಿ ನೋಡಿ ಬೆಚ್ಚಿ, ಕೋವಿ ಹೆಗಲಿಗೆ ತಂದು, ಇದು ಗಂಡೇ ಅಂತ ಖಾತ್ರಿ ಮಾಡಿಕೊಂಡು ಬಿಲ್ಲು (ಟ್ರಿಗರ್) ಎಳೆಯುವ ಹೊತ್ತಿಗೆ ಅದು 20ರಿಂದ 30 ಗಜದಲ್ಲಿರುತ್ತದೆ. 20 ಗಜದಲ್ಲಿ ಇಂಪ್ರೂವ್ಡ್ ಸಿಲಿಂಡರಿನ ಚರೆ ಸುಮಾರು 26 ಇಂಚು ಅಗಲಕ್ಕೆ ಹರಡಿರುತ್ತದೆ, ಫುಲ್ ಆದರೆ ಬರೀ 16 ಇಂಚು. ಅರ್ಧ ಗಜಕ್ಕೂ ಕಮ್ಮಿ ಅಗಲದ ಮುಷ್ಟಿಯಂಥ ಗೊಂಚಲನ್ನು ಹಾರುವ ಹಕ್ಕಿಗೆ ತಾಗಿಸಬೇಕು. ಹೆಚ್ಚಿನ ಸಲ ತಪ್ಪುತ್ತದೆ. ತಾಗಿತು ಅಂದರೆ ಎದೆಮಾಂಸದಲ್ಲಿ ಮಾಂಸಕ್ಕಿಂತ ಸೀಸವೇ ಜಾಸ್ತಿ.

20ರಿಂದ 30 ಗಜಕ್ಕೆ ಇಂಪ್ರೂವ್ಡ್ ಸಿಲಿಂಡರ್, 30ರಿಂದ 40ಕ್ಕೆ ಮಾಡಿಫೈಡ್, ಅದಕ್ಕಿಂತ ಆಚೆಗೆ ಫುಲ್ ಅಂತ ಒರಟು ಲೆಕ್ಕ ಇಟ್ಟುಕೊಳ್ಳಿ. ದೂರ ಅಂದಾಜು ಬರದಿದ್ದರೆ ಇದು ಯಾವುದೂ ಪ್ರಯೋಜನಕ್ಕಿಲ್ಲ. ಬಯಲಿನಲ್ಲಿ ನಮ್ಮ ಮಲೆನಾಡಿನವರ ಕಣ್ಣು ಮೋಸ ಹೋಗುತ್ತದೆ. ಮರಗಿಡದ ನಡುವೆ ಬೆಳೆದವರಿಗೆ ತೆರೆದ ಹೊಲದಲ್ಲಿ ದೂರದ್ದೂ ಹತ್ತಿರ ಅನ್ನಿಸುತ್ತದೆ. ಹೊಲದ ಬೇಲಿಯ ಗೂಟ ನೋಡಿ ಅಂದಾಜು ಮಾಡಿ, ಆಮೇಲೆ ಹೆಜ್ಜೆ ಹಾಕಿ ಎಣಿಸಿ ನೋಡಿ. ಸ್ವಲ್ಪ ದಿನದಲ್ಲಿ ಕಣ್ಣು ಪಳಗುತ್ತದೆ.

ಜೋಡಿನಳಿಗೆ ಆದ್ರೆ ಯಾವ ನಳಿಗೆಗೆ ಯಾವ ಚೋಕ್?

ಮೊದಲ ಈಡಿಗೆ ಇಂಪ್ರೂವ್ಡ್ ಸಿಲಿಂಡರ್, ಎರಡನೆಯದಕ್ಕೆ ಮಾಡಿಫೈಡ್. ಮೊದಲು ತಪ್ಪಿದರೆ ಅಷ್ಟರಲ್ಲಿ ಹಕ್ಕಿ ಹತ್ತು ಗಜ ಮುಂದೆ ಹೋಗಿರುತ್ತದೆ, ಬಿಗಿ ನಳಿಗೆ ಆಗ ಬೇಕಾಗುತ್ತದೆ. ಬೇಕಾದರೆ ಮೊದಲನೆಯದಕ್ಕೆ 6, ಎರಡನೆಯದಕ್ಕೆ 5 ಚರೆ ಹಾಕಬಹುದು.

ಇಂಗ್ಲೆಂಡಿನಲ್ಲಿ ಇದು ತಿರುಗುಮುರುಗು. ಅಲ್ಲಿ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಸೀಸನ್. ಜನ ಸಾಲಾಗಿ ನಿಂತಿರುತ್ತಾರೆ, ಹಳುವು ನುಗ್ಗುವವರು ಆ ಕಡೆಯಿಂದ ಹಕ್ಕಿ ಎಬ್ಬಿಸಿ ಇವರ ತಲೆಯ ಮೇಲೆ ಹಾರಿಸುತ್ತಾರೆ. ಎದುರಿನಿಂದ ಬರುವ ಹಕ್ಕಿ ಮೊದಲು ದೂರ, ಆಮೇಲೆ ಹತ್ತಿರ. ಹಾಗಾಗಿ ಮೊದಲು ಬಿಗಿ ನಳಿಗೆ, ಆಮೇಲೆ ಸಡಿಲ. ಎರಡು ಬಿಲ್ಲಿನ ಹಳೇ ಕೋವಿಯ ಬೆಲೆ ಗೊತ್ತಾಗುವುದು ಇಂಥ ಕಡೆ, ಯಾವ ನಳಿಗೆ ಬೇಕೋ ಆ ಬಿಲ್ಲಿಗೆ ಬೆರಳು ಹಾಕಿದರಾಯಿತು.

ಫುಲ್ ಚೋಕ್ ಹಾಕಿದ್ರೆ ಈಡು ಜಾಸ್ತಿ ದೂರ ಹೋಗ್ತದೆ, ಪೆಟ್ಟೂ ಜೋರು ಅಂತಾರಲ್ಲ?

ಚೋಕ್ ಚರೆಯ ವೇಗವನ್ನು ಹೇಳಿಕೊಳ್ಳುವಷ್ಟು ಬದಲಿಸುವುದಿಲ್ಲ. 5 ನಂಬರಿನ ಒಂದು ಚರೆ ಯಾವ ಚೋಕಿನಿಂದ ಹೊರಬಿದ್ದರೂ 40 ಗಜದಲ್ಲಿ ಅದರ ಪೆಟ್ಟು ಅಷ್ಟೇ. ಬದಲಾಗುವುದು ಆ ದೂರದಲ್ಲಿ ಹಕ್ಕಿಗೆ ಎಷ್ಟು ಚರೆ ತಾಗುತ್ತದೆ ಅನ್ನುವುದು ಮಾತ್ರ. ಒಂದೊಂದರ ಪೆಟ್ಟು ಜಾಸ್ತಿ ಬೇಕಂದರೆ ಚರೆ ದೊಡ್ಡದು ಮಾಡಬೇಕು.

ಡಿಸೆಂಬರಿನಲ್ಲಿ ಹಕ್ಕಿ ಎಲ್ಲ ದೂರದಿಂದಲೇ ಏಳ್ತವೆ. ಆಗ ಎಂತ ಮಾಡೂದು?

ಸೌತ್ ಡಕೋಟಾದಲ್ಲಿ ಸೀಸನ್ ಅಕ್ಟೋಬರ್‌ನ ಮೂರನೇ ಶನಿವಾರ ಶುರುವಾಗಿ ಜನವರಿ ಕೊನೆಯವರೆಗೆ ಹೋಗುತ್ತದೆ. ದಿನಕ್ಕೆ ಮೂರೇ ಹಕ್ಕಿ, ಅದೂ ಗಂಡು ಮಾತ್ರ. ಮೊದಲ ವಾರಗಳಲ್ಲಿ ಪೆದ್ದು ಮರಿಹುಂಜಗಳೆಲ್ಲ ಮುಗಿದಿರುತ್ತವೆ. ಚಳಿ ಬಿದ್ದ ಮೇಲೆ ಉಳಿಯುವುದು ಕಾರಿನ ಬಾಗಿಲು ಹಾಕಿದ ಸದ್ದಿಗೇ ಓಡುವ ಹಕ್ಕಿ. ಆಗ ಮಾಡಿಫೈಡ್ ಹಾಕಿ, ಚರೆ 5 ಅಥವಾ 4. ಫುಲ್ ಹಾಕುವ ಮುಂಚೆ ಯೋಚಿಸಿ, 45 ಗಜದ ಹಕ್ಕಿಯನ್ನು ಬೀಳಿಸುವ ಕೈ ನಿಮ್ಮದಾ? ಹೌದಾದರೆ ಹಾಕಿ.

ನಿಜ ಹೇಳಬೇಕೆಂದರೆ ಇಲ್ಲಿ ಚೋಕಿಗಿಂತ ಕಾಲಿನ ಕೆಲಸ ಜಾಸ್ತಿ. ಮಾತಾಡದೆ ನಡೆಯಿರಿ, ಗಾಳಿಗೆ ಎದುರಾಗಿ ಹೋಗಿ, ಹೊಲದ ತುದಿಯಲ್ಲಿ ಒಬ್ಬರನ್ನು ಮೊದಲೇ ನಿಲ್ಲಿಸಿ. ಅವರು ಎಲ್ಲಿದ್ದಾರೆ ಅಂತ ಎಲ್ಲರಿಗೂ ಗೊತ್ತಿರಬೇಕು, ಮೈಮೇಲೆ ಕಿತ್ತಳೆ ಬಣ್ಣದ ಅಂಗಿ ಇರಬೇಕು.

## ಸ್ಟೀಲ್ ಚರೆ

ಸೀಸ ಬೇಡ, ಸ್ಟೀಲೇ ಹಾಕ್ಬೇಕು ಅಂದ್ರು. ಆಗ ನಂಬರ್, ಚೋಕ್ ಎಲ್ಲ ಬದಲಾಗ್ತದಾ?

ಎರಡೂ ಬದಲಾಗುತ್ತದೆ. ನೀರಹಕ್ಕಿ ಶಿಕಾರಿಗೆ ಅಮೆರಿಕದಾದ್ಯಂತ ಸೀಸ ನಿಂತದ್ದು 1991ರಲ್ಲಿ. ಫೆಸೆಂಟ್‌ಗೆ ಎಲ್ಲ ಕಡೆ ನಿಷೇಧ ಇಲ್ಲ, ಆದರೆ ಸೌತ್ ಡಕೋಟಾದ ಬಹಳಷ್ಟು ಸರ್ಕಾರಿ ಜಾಗಗಳಲ್ಲಿ ಸೀಸ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಶಿಕಾರಿಗೂ ಸೀಸದ ತೋಟಾ ಇಲ್ಲ. ಕಾರಣ ಸುಲಭ. ಹಕ್ಕಿಗಳು ಕಲ್ಲಿನ ಚೂರು ಅಂತ ತಿಳಿದು ಬಿದ್ದ ಚರೆ ನುಂಗುತ್ತವೆ, ಗಾಯಗೊಂಡು ಸತ್ತದ್ದನ್ನು ಹದ್ದುಗಳು ತಿನ್ನುತ್ತವೆ, ಎಲ್ಲಕ್ಕೂ ವಿಷ.

ಸೀಸದ ಸಾಂದ್ರತೆ ಸುಮಾರು 11.3, ಸ್ಟೀಲಿನದು 7.8ರ ಆಸುಪಾಸು. ಅಷ್ಟೇ ಅಗಲದ ಸ್ಟೀಲ್ ಚರೆ ಹಗುರ, ಬೇಗ ವೇಗ ಕಳೆದುಕೊಳ್ಳುತ್ತದೆ. ಅದಕ್ಕೇ ಎರಡು ನಂಬರ್ ದೊಡ್ಡದು ತಗೊಳ್ಳಿ. ಸೀಸದ 5ರ ಬದಲು ಸ್ಟೀಲಿನ 3. ನನಗೆ 2 ನಂಬರ್ ಇನ್ನೂ ಇಷ್ಟ. ಇನ್ನೊಂದು ಕಡೆ, ಸ್ಟೀಲ್ ಗಟ್ಟಿ, ನಳಿಗೆಯಲ್ಲಿ ಜಜ್ಜುವುದಿಲ್ಲ, ಹಾಗಾಗಿ ಗೊಂಚಲು ಬಿಗಿಯಾಗೇ ಹೋಗುತ್ತದೆ. ಮಾಡಿಫೈಡ್ ಚೋಕಿನಲ್ಲಿ ಸ್ಟೀಲ್ ಹೊಡೆದರೆ ಸೀಸದ ಫುಲ್ ಹತ್ತಿರಕ್ಕೆ ಬರುತ್ತದೆ. ಒಂದು ಮೆಟ್ಟಿಲು ಸಡಿಲ ಚೋಕ್ ಹಾಕಿ. ಟ್ಯೂಬಿನ ಮೇಲೆ ಸ್ಟೀಲಿಗೆ ಆಗುತ್ತದೋ ಇಲ್ಲವೋ ಅಂತ ಬರೆದಿರುತ್ತದೆ, ಓದಿ.

ಹಳೇ ಇಂಗ್ಲಿಷ್ ಜೋಡಿನಳಿಗೆಯಲ್ಲಿ ಸ್ಟೀಲ್ ಹೊಡೆದ್ರೆ ಎಂತ ಆಗ್ತದೆ?

ನಳಿಗೆಯ ಒಳಗೆ ಗೀರು ಬೀಳಬಹುದು. ಬಿಗಿ ಚೋಕ್ ಇದ್ದರೆ ಬಾಯಿಯ ಹತ್ತಿರ ಉಬ್ಬಿಕೊಳ್ಳಬಹುದು. ಸೀಸ ಚೋಕಿನಲ್ಲಿ ಮೆತ್ತಗೆ ಹಿಂಡಿಕೊಂಡು ಹೋಗುತ್ತದೆ, ಸ್ಟೀಲ್ ಹಿಂಡಿಕೊಳ್ಳುವುದಿಲ್ಲ. ಇಂಥ ಕೋವಿಗೆ ಬಿಸ್ಮತ್ ಚರೆ ಇದೆ. ಅದರ ಸಾಂದ್ರತೆ 9.6ರ ಆಸುಪಾಸು, ಸೀಸದಷ್ಟೇ ಅಲ್ಲದಿದ್ದರೂ ಮೆತ್ತಗೆ. ಬೆಲೆ ಕೇಳಿದರೆ ಮಾತ್ರ ಎದೆ ಧಸಕ್ ಅನ್ನುತ್ತದೆ. ಹಳೇ ಕೋವಿಗಳಲ್ಲಿ ಎಷ್ಟೋ 2½ ಇಂಚಿನ ತೋಟಾಕ್ಕೆ ಮಾಡಿದವು, 2¾ ಇಂಚಿನದು ಕೋಣೆಗೆ ಹಿಡಿಸಿದ ಹಾಗೆ ಕಂಡರೂ ಹಾಕಬಾರದು. ಹೊಡೆದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

## ಇನ್ನೂ ಒಳಗೆ ಹೋಗುವವರಿಗೆ

ಪ್ಯಾಟರ್ನ್ ನೋಡೂದು ಅಂದ್ರೆ ಹೆಂಗೆ? ಮನೆ ಹಿಂದಿನ ಬೆಟ್ಟದಲ್ಲಿ ನೋಡಬಹುದಾ?

ಬೆಟ್ಟದಲ್ಲಿ ಬೇಡ. ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ ಮಾತ್ರ, ಇಲ್ಲಾದರೂ ಅಲ್ಲಾದರೂ.

ಪ್ಯಾಟರ್ನ್ ಅಂದರೆ ಚರೆ ಹರಡಿ ಬೀಳುವ ರೀತಿ. ಒಂದು ಗಜಕ್ಕಿಂತ ಅಗಲದ ದಪ್ಪ ಕಾಗದ ಕಟ್ಟಿ, ನಡುವೆ ಒಂದು ಚುಕ್ಕೆ ಹಾಕಿ. ನೀವು ನಿಜವಾಗಿ ಹೊಡೆಯುವ ದೂರದಲ್ಲಿ, ಅಂದರೆ 25 ಅಥವಾ 30 ಗಜದಲ್ಲಿ, ನಿಂತು ಹೊಡೆಯಿರಿ. ಆಮೇಲೆ ಚರೆ ಒತ್ತಾಗಿ ಬಿದ್ದ ಜಾಗ ನಡುವೆ ಬರುವ ಹಾಗೆ 30 ಇಂಚಿನ ವೃತ್ತ ಎಳೆದು ತೂತು ಎಣಿಸಿ. ವೃತ್ತ ಮೊದಲೇ ಎಳೆದಿಡಬೇಡಿ. ಚುಕ್ಕೆಗೂ ವೃತ್ತದ ನಡುವಿಗೂ ಅಂತರ ಇದ್ದರೆ ಅದು ಚೋಕಿನ ತಪ್ಪಲ್ಲ, ಕೋವಿ ನಿಮ್ಮ ಮೈಗೆ ಹೊಂದುತ್ತಿಲ್ಲ. ಒಂದೇ ಕಾಗದ ನೋಡಿ ತೀರ್ಪು ಕೊಡಬೇಡಿ, ಒಂದೇ ತೋಟಾದಲ್ಲಿ ನಾಲ್ಕೈದು ಹಾಳೆ ಹೊಡೆದು ಸರಾಸರಿ ತೆಗೆಯಿರಿ. ಹಕ್ಕಿ ತೂರಿ ಹೋಗುವಂಥ ಖಾಲಿ ಕಿಂಡಿ ಹಾಳೆ ಹಾಳೆಯಲ್ಲೂ ಬರುತ್ತಿದ್ದರೆ ಚೋಕ್ ಬದಲಿಸುವ ಮೊದಲು ತೋಟಾದ ಕಂಪನಿ ಬದಲಿಸಿ ನೋಡಿ. ಒಂದೇ ಚೋಕ್ ಎರಡು ಕಂಪನಿಯ ತೋಟಾದಲ್ಲಿ ಎರಡು ಥರ ನಡೆದುಕೊಳ್ಳುತ್ತದೆ. ಟ್ಯೂಬಿನ ಮೇಲೆ ಮಾಡಿಫೈಡ್ ಅಂತ ಬರೆದದ್ದು ಕಂಪನಿಯ ಅಂದಾಜು, ಕಾಗದದ ಮೇಲೆ ಬಿದ್ದದ್ದು ನಿಮ್ಮ ಕೋವಿಯ ಸತ್ಯ.

ಕಾರವಾರದ ಹವೆಗೆ ಚೋಕ್ ಟ್ಯೂಬ್ ಕಚ್ಚಿ ಹಿಡಿದುಬಿಟ್ಟಿದೆ. ಪಕ್ಕಡ್ ಹಾಕ್ಲಾ?

ಪಕ್ಕಡ್ ಹಾಕಿದರೆ ಟ್ಯೂಬೂ ಹೋಯಿತು, ನಳಿಗೆಯ ಬಾಯಿಯೂ ಹೋಯಿತು. ಕೋವಿ ಖಾಲಿ ಮಾಡಿ, ನಳಿಗೆ ಬಿಚ್ಚಿ, ಬಾಯಿ ಕೆಳಗೆ ಮಾಡಿ ತುಕ್ಕು ಬಿಡಿಸುವ ಎಣ್ಣೆಯಲ್ಲಿ ಒಂದೆರಡು ದಿನ ನಿಲ್ಲಿಸಿ. ಆಮೇಲೆ ಅದರದೇ ಕೀಲಿ ಹಾಕಿ ಮೆಲ್ಲಗೆ ಆಚೀಚೆ ತಿರುಗಿಸಿ. ಬರದಿದ್ದರೆ ರಿಪೇರಿಯವರಿಗೆ ಕೊಡಿ. ಉಪ್ಪಿನ ಗಾಳಿ ಮತ್ತು ಮಳೆಗಾಲ ಎರಡೂ ಸೇರಿದ ಊರಿನಲ್ಲಿ ಟ್ಯೂಬ್ ತಿಂಗಳಿಗೊಮ್ಮೆ ಬಿಚ್ಚಿ, ಒರೆಸಿ, ಮರೆಗೆ (ತಿರುಪಿನ ಸುತ್ತಿಗೆ) ತೆಳ್ಳಗೆ ಗ್ರೀಸ್ ಹಚ್ಚಿ ಹಾಕಬೇಕು. ಘಟ್ಟದ ಮೇಲೆ ಶಿರಸಿಯಲ್ಲೂ ಆಷಾಢದಲ್ಲಿ ಕತೆ ಬೇರೆಯಲ್ಲ. ಟ್ಯೂಬ್ ಇಲ್ಲದೆ ಬರೀ ನಳಿಗೆಯಲ್ಲಿ ಮಾತ್ರ ಹೊಡೆಯಬೇಡಿ, ಒಳಗಿನ ಮರೆ ಹಾಳಾಗುತ್ತದೆ. ಅರ್ಧ ಸಡಿಲಾದ ಟ್ಯೂಬ್ ಅದಕ್ಕಿಂತ ಅಪಾಯ.

ಗೆಳೆಯನ ಬೆರೆಟ್ಟಾ ಟ್ಯೂಬ್ ನನ್ನ ರೆಮಿಂಗ್‌ಟನ್‌ಗೆ ಆಗ್ತದಾ?

ಆಗುವುದಿಲ್ಲ. ಒಂದೇ ಕಂಪನಿಯಲ್ಲೂ ಎರಡು ಮೂರು ಥರದ ಮರೆ ಇರುತ್ತದೆ. ಎರಡು ಸುತ್ತು ಹತ್ತಿತು ಅಂತ ಬಲವಂತ ಮಾಡಬೇಡಿ. ಟ್ಯೂಬಿನ ತುದಿಯಲ್ಲಿ ಕಚ್ಚುಗಳಿದ್ದರೆ ಸಾಮಾನ್ಯವಾಗಿ ಒಂದು ಕಚ್ಚು ಫುಲ್, ಕಚ್ಚು ಹೆಚ್ಚಿದಂತೆ ಸಡಿಲ.

20 ಬೋರ್ ಸಾಕಾಗ್ತದಾ? ಹೆಂಡತಿಗೆ 12 ಭಾರ ಆಗ್ತದೆ ಅಂತ.

ಧಾರಾಳ ಸಾಕು. ಒಂದು ಔನ್ಸ್ 5 ಅಥವಾ 6 ಚರೆ, ಇಂಪ್ರೂವ್ಡ್ ಸಿಲಿಂಡರ್ ಇಲ್ಲವೇ ಮಾಡಿಫೈಡ್. 35 ಗಜದ ಆಚೆಗೆ ಆಸೆ ಪಡಬಾರದು, ಅಷ್ಟೇ. ದಿನವಿಡೀ ನಡೆಯುವ ಶಿಕಾರಿಯಲ್ಲಿ ಹಗುರ ಕೋವಿ ಸಂಜೆ ಹೊತ್ತಿಗೂ ಹೆಗಲಿಗೆ ಬೇಗ ಬರುತ್ತದೆ.

ಒಂದು ಎಚ್ಚರಿಕೆ ಇದೆ. 12 ಮತ್ತು 20ರ ತೋಟಾ ಒಂದೇ ಚೀಲದಲ್ಲಿ, ಒಂದೇ ಜೇಬಿನಲ್ಲಿ ಯಾವತ್ತೂ ಇಡಬೇಡಿ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ನಡುವೆ ಸಿಕ್ಕಿಕೊಳ್ಳುತ್ತದೆ. ಕೋಣೆ ಖಾಲಿ ಕಾಣುತ್ತದೆ. ಅದರ ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿದು ಎಡಗೈ ಹೋಗುತ್ತದೆ. 20ರ ತೋಟಾಕ್ಕೆ ಹಳದಿ ಬಣ್ಣ ಹಾಕುವುದು ಇದಕ್ಕೇ.

ಚೋಕ್ ಬದಲಿಸಿದೆ, ಚರೆ ಬದಲಿಸಿದೆ, ತೋಟಾ ಬದಲಿಸಿದೆ. ಆದ್ರೂ ಹಕ್ಕಿ ಬೀಳ್ತಾ ಇಲ್ಲ ಮಾರಾಯ್ರೆ!

ಹಕ್ಕಿಯ ಬಾಲ ಬಿಡಿ, ಕೊರಳು ನೋಡಿ. ಗಂಡು ಫೆಸೆಂಟಿನ ಮೈಯಲ್ಲಿ ಅರ್ಧಕ್ಕರ್ಧ ಬಾಲ. ಎದ್ದಾಗ ಕಣ್ಣು ಆ ಉದ್ದದ ನಡುವಿಗೆ ಹೋಗುತ್ತದೆ, ಅದು ಬಾಲದ ಬುಡ. ಈಡು ಹಿಂದೆ ಬೀಳುತ್ತದೆ. ಬಿಳಿ ಪಟ್ಟಿಯನ್ನೇ ದಿಟ್ಟಿಸಿ, ಕೋವಿ ಬೀಸುವುದನ್ನು ನಿಲ್ಲಿಸದೆ ಬಿಲ್ಲೆಳೆಯಿರಿ. ಮೇಲೇರುತ್ತಿರುವ ಹಕ್ಕಿಗೆ ಅದರ ತಲೆಯನ್ನು ನಳಿಗೆಯಿಂದ ಮರೆ ಮಾಡಿ ಹೊಡೆಯಬೇಕಾಗುತ್ತದೆ. ಇದೆಲ್ಲ ಕ್ಲೇ ಮೈದಾನದಲ್ಲಿ ಕಲಿಯುವ ವಿದ್ಯೆ. ಟ್ಯೂಬಿಗೆ ಸುರಿಯುವ ದುಡ್ಡನ್ನು ಅಲ್ಲಿ ತೋಟಾಕ್ಕೆ ಸುರಿಯಿರಿ.

ಇನ್ನೊಂದು, ಬಿದ್ದ ಹಕ್ಕಿಯಿಂದ ಕಣ್ಣು ತೆಗೆಯದೆ ನೆಟ್ಟಗೆ ಅಲ್ಲಿಗೇ ನಡೆಯಿರಿ. ರೆಕ್ಕೆ ಮಾತ್ರ ಮುರಿದ ಗಂಡು ನೆಲಕ್ಕೆ ಬಿದ್ದ ಕ್ಷಣದಿಂದ ಓಡಲು ಶುರು ಮಾಡುತ್ತದೆ. ಒಳ್ಳೆಯ ನಾಯಿ ಇಲ್ಲದಿದ್ದರೆ ಅದು ಕೈಗೆ ಸಿಗುವುದು ಕಷ್ಟ.

ಸಾರು ಮಾಡಿದ್ವಿ, ಹಲ್ಲಿಗೆ ಚರೆ ಸಿಕ್ತು. ಇದಕ್ಕೆ ಉಪಾಯ ಉಂಟಾ?

ಚರ್ಮ ಸುಲಿದ ಮೇಲೆ ಎದೆಮಾಂಸವನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲಿ ಗರಿ ಒಳಗೆ ಹೋದ ಕಪ್ಪು ಗುರುತು ಇದೆಯೋ ಅದರ ತುದಿಯಲ್ಲಿ ಚರೆ ಇರುತ್ತದೆ. ಚಾಕುವಿನ ಮೊನೆಯಿಂದ ಬಿಡಿಸಿ, ರಕ್ತ ಕಟ್ಟಿದ ಮಾಂಸವನ್ನು ಸುತ್ತಲೂ ಧಾರಾಳವಾಗಿ ಕತ್ತರಿಸಿ ಬಿಸಾಡಿ. ಸೀಸದ ಸಣ್ಣ ಚೂರು ಕಣ್ಣಿಗೆ ಕಾಣುವುದಿಲ್ಲ, ಮಕ್ಕಳಿಗೆ ಬಡಿಸುವುದಿದ್ದರೆ ಇದರಲ್ಲಿ ಜಿಪುಣತನ ಬೇಡ. ಸ್ಟೀಲ್ ಚರೆ ಆದರೆ ಅಯಸ್ಕಾಂತ ಆಡಿಸಿ ನೋಡಬಹುದು. ಅದು ಹಲ್ಲಿಗೆ ಸಿಕ್ಕರೆ ಹಲ್ಲೇ ಮುರಿಯುತ್ತದೆ.

ಊರಿಗೆ ಬರುವಾಗ ಒಂದೆರಡು ಚೋಕ್ ಟ್ಯೂಬ್, ನೆನಪಿಗೆ ನಾಲ್ಕು ತೋಟಾ ತರಬಹುದಾ?

ತೋಟಾ ಒಂದೂ ಬೇಡ. ಪರವಾನಗಿ ಇಲ್ಲದೆ ಬ್ಯಾಗಿನಲ್ಲಿ ಒಂದೇ ಒಂದು ಜೀವಂತ ತೋಟಾ ಸಿಕ್ಕರೂ ವಿಮಾನ ನಿಲ್ದಾಣದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳುತ್ತದೆ. ಆ ಕಾಯ್ದೆಯ ಪ್ರಕಾರ ಶಸ್ತ್ರದ ಬಿಡಿಭಾಗವೂ ಶಸ್ತ್ರವೇ, ಹಾಗಾಗಿ ಟ್ಯೂಬನ್ನೂ ಸುಮ್ನೆ ಬ್ಯಾಗಿಗೆ ಹಾಕಿಕೊಂಡು ಬರುವ ಸಾಹಸ ಬೇಡ. ಖಾಲಿ ತೋಟಾ ಕೂಡ ಗಂಟೆಗಟ್ಟಲೆ ಕೂರಿಸಿ ಪ್ರಶ್ನೆ ಕೇಳಿಸುತ್ತದೆ. ಶಿಕಾರಿಗೆ ಹಾಕಿಕೊಂಡ ಜಾಕೆಟ್ ಅಲ್ಲೇ ಬಿಟ್ಟು ಬನ್ನಿ. ತರಲೇಬೇಕಾದರೆ ಹೊರಡುವ ಮುಂಚೆ ಅದರ ಜೇಬು, ಒಳಜೇಬು, ಹರಿದ ಅಸ್ತರಿನ ಒಳಗೆಲ್ಲ ಕೈ ಹಾಕಿ ನೋಡಿ.